ಯಾರನ್ನೂ ಹಿಂದೆ ಬಿಡದ ಸೈಕಲ್ ರೈಡ್: ದಾವಣಗೆರೆಯಿಂದ ಒಂದು ದಿನದ ಗುಂಪು ಸವಾರಿಗೆ ಪೂರ್ತಿ ತಯಾರಿ

ಭಾನುವಾರ ಬೆಳಿಗ್ಗೆ ಖುಷಿಯಿಂದ ಕ್ಲಬ್ ರೈಡ್‌ಗೆ ಬಂದು, ಊರಾಚೆಯ ಬಾತಿ ಹಳ್ಳಿ ದಾಟುವಷ್ಟರಲ್ಲಿ ಒಬ್ಬರೇ ಹಿಂದೆ ಉಳಿದು, ಮುಂದಿನ ವಾರದಿಂದ ಮುಖವನ್ನೇ ತೋರಿಸದ ಎಷ್ಟೋ ಜನರನ್ನು ನೋಡಿದ್ದೇನೆ. ಅವರಿಗೆ ಸೈಕಲ್ ತುಳಿಯೋಕೆ ಬರಲ್ಲ ಅಂತೇನಲ್ಲ. ಮುಂದೆ ಹೋದವರು ತಿರುಗಿ ನೋಡಲಿಲ್ಲ, ಅಷ್ಟೇ. ಅಂಥವರು ಬಿಟ್ಟುಹೋಗದ ಹಾಗೆ ಒಂದು ಆರಾಮದ ರೈಡ್ ಹೇಗೆ ನಡೆಸಬೇಕು ಅನ್ನೋದನ್ನು ಇಲ್ಲಿ ಮೊದಲಿಂದ ಕೊನೆವರೆಗೆ ಬರೆದಿದ್ದೇನೆ. ನಿಯಮ ಒಂದೇ: ಕೊನೆಯಲ್ಲಿ ಬರುವವರ ವೇಗವೇ ಇಡೀ ಗುಂಪಿನ ವೇಗ. ದಾರಿ, ಹೊತ್ತು, ಊಟ ಎಲ್ಲವನ್ನೂ ಇದಕ್ಕೆ ಹೊಂದಿಸಿಕೊಳ್ಳಬೇಕು.

ದಾರಿ ಆರಿಸುವ ಮೊದಲು ಗಾಳಿ ನೋಡಿ

ಹೊಸಬರು ಇದ್ದರೆ ನನ್ನ ಮೊದಲ ಆಯ್ಕೆ ಕೊಂಡಜ್ಜಿ. ದಾವಣಗೆರೆಯಿಂದ ಸುಮಾರು 15 ಕಿಲೋಮೀಟರ್. ಕೆರೆ ಇದೆ, ಗುಡ್ಡ ಇದೆ, ಮರದ ನೆರಳಿದೆ. ಹೋಗಿ ಬಂದರೆ 30 ಕಿಲೋಮೀಟರ್ ಆಗುತ್ತದೆ. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ತುಳಿದರೂ ಎರಡು ಗಂಟೆ ಸಾಕು. ನಿಲ್ಲೋದು, ತಿನ್ನೋದು, ಫೋಟೋ ತೆಗೆಯೋದು ಎಲ್ಲ ಸೇರಿ ನಾಲ್ಕು ಗಂಟೆ ಅಂತ ಇಟ್ಟುಕೊಳ್ಳಿ.

ಎರಡನೆಯದು ಹರಿಹರ. ಹಳೇ ಪಿ.ಬಿ. ರೋಡ್ (ಪುಣೆ-ಬೆಂಗಳೂರು ರಸ್ತೆ) ಹಿಡಿದು ದೊಡ್ಡಬಾತಿ ಮೇಲೆ ಹೋದರೆ ಇದೂ ಹೆಚ್ಚುಕಡಿಮೆ ಅಷ್ಟೇ ದೂರ. ಕೊನೆಯಲ್ಲಿ ತುಂಗಭದ್ರೆ ಸಿಗುತ್ತಾಳೆ. ಹರಿಹರೇಶ್ವರ ದೇವಸ್ಥಾನವೂ ಇದೆ. ಹೊಯ್ಸಳ ದೊರೆ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ್ದು. ಕಂಬಗಳ ಸಾಲಿನ ನಡುವೆ ತಣ್ಣಗೆ ಅರ್ಧ ಗಂಟೆ ಕೂತರೆ ಕಾಲಿಗೂ ವಿಶ್ರಾಂತಿ, ಮನಸ್ಸಿಗೂ ಹಿತ. ಆದರೆ ಈ ದಾರಿಯಲ್ಲಿ ಬಸ್ಸು, ಆಟೋ ಜಾಸ್ತಿ. ಅದಕ್ಕೇ ತೀರಾ ಹೊಸಬರಿಗೆ ಕೊಂಡಜ್ಜಿ ಮೇಲು ಅನ್ನೋದು.

ಇಡೀ ದಿನ ಕಳೆಯಬೇಕು ಅನ್ನುವವರಿಗೆ ಸಂತೆಬೆನ್ನೂರು. 16ನೇ ಶತಮಾನದಲ್ಲಿ ಅಲ್ಲಿನ ಪಾಳೆಯಗಾರ ಹನುಮಪ್ಪ ನಾಯಕ ಕಟ್ಟಿಸಿದ ಪುಷ್ಕರಣಿ, ನೀರಿನ ಮಧ್ಯೆ ಮಂಟಪ. ಹೋಗಿ ಬರಲು 80 ಕಿಲೋಮೀಟರ್‌ನ ಆಸುಪಾಸು ಆಗುತ್ತದೆ. 40 ಕಿಲೋಮೀಟರ್ ಸಲೀಸಾಗಿ ತುಳಿದು ಅಭ್ಯಾಸ ಇರುವವರನ್ನು ಮಾತ್ರ ಕರೆಯಿರಿ. ಸೂಳೆಕೆರೆಯನ್ನೂ ಅದೇ ದಿನ ಮುಗಿಸೋಣ ಅನ್ನುವ ಆಸೆ ಯಾರಿಗಾದರೂ ಬಂದೇ ಬರುತ್ತದೆ. ಅದನ್ನು ಇನ್ನೊಂದು ದಿನಕ್ಕೆ ಇಡಿ.

ಈಗ ಗಾಳಿಯ ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಗಾಳಿ ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ. ಚಿತ್ರದುರ್ಗದ ಗುಡ್ಡಗಳ ತುಂಬಾ ಗಾಳಿ ಫ್ಯಾನುಗಳು ನಿಂತಿರೋದು ಸುಮ್ನೆ ಅಲ್ಲ. ಬೆಳಿಗ್ಗೆ ಗಾಳಿ ಕಮ್ಮಿ, ಹೊತ್ತು ಏರಿದಂತೆ ಜೋರು. ಹಾಗಾಗಿ ಮಳೆಗಾಲದಲ್ಲಿ ಬೆಳಿಗ್ಗೆ ಗಾಳಿಗೆ ಎದುರಾಗಿ ಹೋಗಿ, ವಾಪಸ್ ಬರುವಾಗ ಗಾಳಿ ಬೆನ್ನಿಗೆ ಇರುವಂಥ ದಾರಿ ಹಿಡಿಯಬೇಕು. ಹರಿಹರ ಪಶ್ಚಿಮಕ್ಕಿದೆ, ಆದ್ದರಿಂದ ಸರಿಹೋಗುತ್ತದೆ. ಅದೇ ತಿಂಗಳಲ್ಲಿ ಪೂರ್ವಕ್ಕೆ ಚಿತ್ರದುರ್ಗದ ದಿಕ್ಕಿಗೆ ಹೊರಟರೆ ಹೋಗುವಾಗ ಹಾರಿಕೊಂಡು ಹೋಗುತ್ತೀರಿ. ಬರುವಾಗ ಸುಸ್ತಾದ ಕಾಲು, ನೆತ್ತಿ ಮೇಲೆ ಬಿಸಿಲು, ಮುಖಕ್ಕೆ ಗಾಳಿ. ಹೊಸಬರು ಸೋಲೋದು ಇಲ್ಲೇ. ನವೆಂಬರ್ ಹೊತ್ತಿಗೆ ಗಾಳಿ ತಿರುಗಿ ಪೂರ್ವದ ಕಡೆಯಿಂದ ಬರುತ್ತದೆ. ಆಗ ಲೆಕ್ಕ ಉಲ್ಟಾ.

ಚಿತ್ರದುರ್ಗದವರಿಗೆ ಊರ ಪಕ್ಕದಲ್ಲೇ ಚಂದ್ರವಳ್ಳಿ ಕೆರೆ ಇದೆ. ಹೊಸಬರ ಜೊತೆ ಮೊದಲ ರೈಡ್‌ಗೆ ಅಷ್ಟು ದೂರ ಸಾಕು. ಜೋಗಿಮಟ್ಟಿ ಕಡಿದಾದ ಏರು. ಗೇರ್ ಸೈಕಲ್ ಇಲ್ಲದವರನ್ನು ಅಲ್ಲಿಗೆ ಕರೆಯಬೇಡಿ. ಅದು ಕಾಯ್ದಿಟ್ಟ ಕಾಡು, ಆದ್ದರಿಂದ ಅರಣ್ಯ ಇಲಾಖೆಯವರನ್ನು ಮೊದಲೇ ಕೇಳಿಕೊಂಡು ಹೋಗಿ.

ಯಾವ ದಾರಿ ಆದರೂ ಒಂದು ಮಾತು. ದಾವಣಗೆರೆ, ಚಿತ್ರದುರ್ಗ ಎರಡೂ ಊರಿನ ಪಕ್ಕದಲ್ಲಿ ರಾಷ್ಟ್ರೀಯ ಹೆದ್ದಾರಿ 48 ಹಾದುಹೋಗುತ್ತದೆ. ರಸ್ತೆ ನುಣ್ಣಗಿದೆ ಅಂತ ಅದಕ್ಕೆ ಆಸೆಪಡಬೇಡಿ. ದಾಟಲೇಬೇಕಾದ ಕಡೆ ಕೆಳಸೇತುವೆಯಲ್ಲಿ ದಾಟಿ, ಇಲ್ಲವೇ ಸರ್ವಿಸ್ ರಸ್ತೆಯಲ್ಲಿ ಇರಿ.

ಕರೆಯುವಾಗಲೇ ಎಲ್ಲ ಹೇಳಿ

ಗ್ರೂಪಿಗೆ ಕಳಿಸುವ ಮೆಸೇಜ್‌ನಲ್ಲಿ ದೂರ, ವೇಗ, ಹೊರಡುವ ಹೊತ್ತು, ಮನೆ ಸೇರುವ ಹೊತ್ತು ನಾಲ್ಕೂ ಇರಲಿ. 'ಆರಾಮಾಗಿ ಹೋಗೋಣ' ಅಂತ ಮಾತ್ರ ಬರೆದರೆ ಸಾಲದು. ಒಬ್ಬರ ಆರಾಮ ಗಂಟೆಗೆ 25 ಕಿಲೋಮೀಟರ್, ಇನ್ನೊಬ್ಬರದು 12. 'ವೇಗ 15, ಯಾರನ್ನೂ ಬಿಟ್ಟು ಹೋಗಲ್ಲ, ಮಾಮೂಲಿ ಸೈಕಲ್ ಆದರೂ ನಡೆಯುತ್ತೆ, ಹೆಲ್ಮೆಟ್ ಕಡ್ಡಾಯ' ಅಂತ ಬಿಡಿಸಿ ಬರೆಯಿರಿ. ಜೋರಾಗಿ ಹೋಗಬೇಕು ಅನ್ನುವವರು ಅದನ್ನು ಓದಿ ತಾವೇ ಬೇರೆ ದಿನ ನೋಡಿಕೊಳ್ಳುತ್ತಾರೆ. 'ನಂಗಾಗುತ್ತಾ ಅಣ್ಣಾ?' ಅಂತ ಕೇಳುತ್ತಿದ್ದವರಿಗೆ ಧೈರ್ಯ ಬರುತ್ತದೆ.

ಬರುವವರ ಹೆಸರು, ಮನೆಯವರ ಒಂದು ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ಹತ್ತು ಜನಕ್ಕಿಂತ ಜಾಸ್ತಿ ಆದರೆ ಎರಡು ಗುಂಪು ಮಾಡಿ.

ಹಿಂದಿನ ರಾತ್ರಿ

ಸೈಕಲ್ ನೋಡೋಕೆ ಹತ್ತು ನಿಮಿಷ ಸಾಕು. ಆದರೆ ಅದು ರಾತ್ರಿಯೇ ಆಗಬೇಕು, ಬೆಳಿಗ್ಗೆ ಐದೂವರೆಗೆ ಅಂಗಡಿ ತೆರೆದಿರಲ್ಲ. ಟೈರಿನ ಪಕ್ಕದಲ್ಲೇ ಎಷ್ಟು ಪಿಎಸ್‌ಐ (ಗಾಳಿ ಒತ್ತಡದ ಅಳತೆ) ಗಾಳಿ ಅಂತ ಅಚ್ಚಾಗಿರುತ್ತದೆ, ಅಷ್ಟು ತುಂಬಿಸಿ. ಮುಂದಿನ ಬ್ರೇಕ್ ಹಿಡಿದು ಸೈಕಲ್ ಮುಂದೆ ತಳ್ಳಿ, ಚಕ್ರ ಉರುಳಬಾರದು. ಹಿಂದಿನದಕ್ಕೂ ಹಾಗೇ. ಚೈನಿಗೆ ಎಣ್ಣೆ ಬಿಟ್ಟು, ಪೆಡಲ್ ಹಿಂದಕ್ಕೆ ತಿರುಗಿಸಿ, ಮೇಲಿನ ಎಣ್ಣೆಯನ್ನು ಬಟ್ಟೆಯಲ್ಲಿ ಒರೆಸಿ. ಒರೆಸದಿದ್ದರೆ ದಾರಿಯ ದೂಳೆಲ್ಲ ಅಲ್ಲೇ ಅಂಟುತ್ತದೆ.

ಸೀಟಿನ ಎತ್ತರ ಬಹಳ ಜನ ಗಮನಿಸೋದಿಲ್ಲ. ಮೊಣಕಾಲು ನೋವಿಗೆ ಮುಖ್ಯ ಕಾರಣ ತಗ್ಗಾದ ಸೀಟು. ಗೋಡೆ ಹಿಡಿದು ಸೈಕಲ್ ಮೇಲೆ ಕೂತು, ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿಯನ್ನು ಅದರ ಮೇಲಿಡಿ. ಕಾಲು ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿದಾಗ ಮೊಣಕಾಲು ಸ್ವಲ್ಪವೇ ಬಾಗಿರುತ್ತದೆ. ಅದೇ ಸರಿಯಾದ ಅಳತೆ.

ಬ್ಯಾಗಿನಲ್ಲಿ ನಿಮ್ಮದೇ ಟೈರಿನ ಅಳತೆಯ ಒಂದು ಟ್ಯೂಬ್, ಎರಡು ಟೈರ್ ಲಿವರ್ (ಟೈರನ್ನು ರಿಮ್ಮಿನಿಂದ ಎಬ್ಬಿಸುವ ಚಪ್ಪಟೆ ಕಡ್ಡಿ), ಚಿಕ್ಕ ಪಂಪ್, ಚಕ್ರಕ್ಕೆ ನಟ್ ಇದ್ದರೆ ಅದರ ಸ್ಪ್ಯಾನರ್, ಎರಡು ಬಾಟಲಿ ನೀರು, ಓಆರ್‌ಎಸ್ ಪೊಟ್ಟಣ, ಬಾಳೆಹಣ್ಣು, ಶೇಂಗಾ ಚಿಕ್ಕಿ, ಚಿಲ್ಲರೆ ದುಡ್ಡು. ಮುಳ್ಳು ತೆಗೆಯೋಕೆ ಒಂದು ಚಿಮಟ ಮರೆಯಬೇಡಿ, ಅದರ ಕೆಲಸ ಮುಂದೆ ಹೇಳುತ್ತೇನೆ. ಹೊಸ ಶೂ, ಹೊಸ ಸೀಟು ಹಾಕೋಕೆ ರೈಡ್ ದಿನ ಸರಿಯಲ್ಲ.

ಹೊರಡುವ ಮುಂಚಿನ ಐದು ನಿಮಿಷ

ಎಲ್ಲರೂ ಸೇರಿದ ಮೇಲೆ ಒಂದು ಸುತ್ತು ನಿಂತು ಹೆಸರು ಹೇಳಿಕೊಳ್ಳಿ. ಹೊಸಬರನ್ನು ಅವರ ಹೆಸರು ಹಿಡಿದು ಮಾತಾಡಿಸಿ. ಆಮೇಲೆ ಕೆಲಸ ಹಂಚಿ.

ಮುಂದೆ ಒಬ್ಬರು. ದಾರಿ ಗೊತ್ತಿರುವವರು, ತಾಳ್ಮೆ ಇರುವವರು. ಗುಂಪಿನಲ್ಲಿ ಎಲ್ಲರಿಗಿಂತ ಗಟ್ಟಿ ಕಾಲಿನವರನ್ನು ಮುಂದೆ ಬಿಡಬಾರದು. ಅವರಿಗೆ ಗೊತ್ತಾಗದೇ ವೇಗ ಏರುತ್ತದೆ. ಅವರನ್ನು ಹಿಂದೆ ಇಡಿ. ಯಾರಿಗಾದರೂ ಪಂಕ್ಚರ್ ಆದರೆ ನಿಂತು, ಸರಿಮಾಡಿಕೊಟ್ಟು, ಮತ್ತೆ ಗುಂಪನ್ನು ಸೇರುವ ಶಕ್ತಿ ಬೇಕಾಗಿರೋದು ಹಿಂದಿನವರಿಗೇ. ಈ ಕೊನೆಯವರನ್ನು ಕ್ಲಬ್‌ಗಳಲ್ಲಿ ಸ್ವೀಪ್ ಅನ್ನುತ್ತಾರೆ. ಅವರಿಗಿಂತ ಹಿಂದೆ ಯಾರೂ ಇರಬಾರದು, ಎಷ್ಟೇ ನಿಧಾನವಾದರೂ. ನನ್ನನ್ನು ಕೇಳಿದರೆ ಇಡೀ ರೈಡ್‌ನಲ್ಲಿ ಅತಿ ದೊಡ್ಡ ಜವಾಬ್ದಾರಿ ಅದೇ. ಮುಂದಿನವರ ಹತ್ತಿರ ಸ್ವೀಪ್ ನಂಬರ್, ಸ್ವೀಪ್ ಹತ್ತಿರ ಮುಂದಿನವರ ನಂಬರ್ ಇರಲೇಬೇಕು.

ತಿರುವುಗಳಿಗೆ ಒಂದು ಸುಲಭ ಉಪಾಯ ಇದೆ. ದಾರಿ ಕವಲೊಡೆಯುವ ಕಡೆ ಮುಂದಿನವರ ಬೆನ್ನಿಗೇ ಬರುತ್ತಿರುವ ಒಬ್ಬರು ಪಕ್ಕಕ್ಕೆ ನಿಂತು, ಹಿಂದೆ ಬರುವವರಿಗೆ ಕೈ ತೋರಿಸುತ್ತಾರೆ. ಸ್ವೀಪ್ ಬಂದ ಮೇಲಷ್ಟೇ ಅವರು ಹೊರಡೋದು. ಮುಂದಿನ ತಿರುವಿನಲ್ಲಿ ಇನ್ನೊಬ್ಬರು. ಹೀಗೆ ಮಾಡಿದರೆ ಗುಂಪು ಅರ್ಧ ಕಿಲೋಮೀಟರ್ ಚದುರಿದರೂ ಯಾರೂ ದಾರಿ ತಪ್ಪೋದಿಲ್ಲ. ಮ್ಯಾಪ್ ನೋಡುತ್ತಾ ಸೈಕಲ್ ತುಳಿಯುವ ಅಪಾಯವೂ ಇಲ್ಲ.

ಕೂಗುಗಳನ್ನೂ ಅಲ್ಲೇ ಒಪ್ಪಿಕೊಳ್ಳಿ. 'ಗುಂಡಿ!', 'ಹಂಪ್!', 'ನಿಲ್ತಾ ಇದೀವಿ!' ಮುಂದಿನಿಂದ ಹಿಂದಕ್ಕೆ ಹೋಗಬೇಕು. 'ಹಿಂದೆ ಗಾಡಿ!' ಹಿಂದಿನಿಂದ ಮುಂದಕ್ಕೆ. ಕೇಳಿದವರೆಲ್ಲ ಮತ್ತೆ ಕೂಗಿ ದಾಟಿಸಬೇಕು. ಇಯರ್‌ಫೋನ್ ಹಾಕಿಕೊಂಡವರಿಗೆ ಇದು ಕೇಳಲ್ಲ, ಆದ್ದರಿಂದ ಇಯರ್‌ಫೋನ್ ಬ್ಯಾಗಿಗೆ. ಹೆಲ್ಮೆಟ್ ಹುಬ್ಬಿನಿಂದ ಎರಡು ಬೆರಳು ಮೇಲೆ ಇರಬೇಕು, ಪಟ್ಟಿ ಬಿಗಿದಿರಬೇಕು. ಇದನ್ನು ಒಬ್ಬೊಬ್ಬರದೂ ಕಣ್ಣಾರೆ ನೋಡಿ.

ರಸ್ತೆಯ ಮೇಲೆ

ಎಡಗಡೆ, ಒಬ್ಬರ ಹಿಂದೆ ಒಬ್ಬರು. ಖಾಲಿ ಹಳ್ಳಿ ರಸ್ತೆಯಲ್ಲಿ ಇಬ್ಬರು ಜೊತೆಯಾಗಿ ಮಾತಾಡಿಕೊಂಡು ಹೋಗಬಹುದು. 'ಹಿಂದೆ ಗಾಡಿ' ಕೇಳಿದ ತಕ್ಷಣ ಒಂದೇ ಸಾಲಾಗಬೇಕು.

ಮುಂದಿನ ಸೈಕಲ್‌ಗೂ ನಿಮಗೂ ಕನಿಷ್ಠ ಒಂದು ಸೈಕಲ್‌ನಷ್ಟು ಅಂತರ ಇರಲಿ, ಹೊಸಬರಿಗೆ ಎರಡು. ಮುಖ್ಯವಾಗಿ ನಿಮ್ಮ ಮುಂದಿನ ಚಕ್ರ ಅವರ ಹಿಂದಿನ ಚಕ್ರದ ಪಕ್ಕಕ್ಕೆ ನುಗ್ಗಬಾರದು. ಅವರು ಗುಂಡಿ ತಪ್ಪಿಸೋಕೆ ಒಂದು ಗೇಣು ಸರಿದರೂ ಚಕ್ರಕ್ಕೆ ಚಕ್ರ ತಾಗುತ್ತದೆ. ಬೀಳೋದು ಮುಂದಿನವರಲ್ಲ, ಹಿಂದಿನವರು. ಗುಂಪು ರೈಡ್‌ನಲ್ಲಿ ಆಗುವ ಬಹಳಷ್ಟು ಪೆಟ್ಟಿಗೆ ಇದೇ ಕಾರಣ.

ಏರಿನಲ್ಲಿ ಎಲ್ಲರೂ ಒಟ್ಟಿಗೆ ಇರೋಕೆ ಆಗಲ್ಲ. ತಮ್ಮ ತಮ್ಮ ವೇಗದಲ್ಲಿ ಹತ್ತಲಿ, ಮೇಲೆ ಹೋಗಿ ನಿಂತು ಕಾಯಲಿ. ಆದರೆ ಕೊನೆಯವರು ಏದುಸಿರು ಬಿಡುತ್ತಾ ಬಂದು ತಲುಪಿದ ಕೂಡಲೇ 'ಸರಿ, ಹೊರಡೋಣ' ಅಂದುಬಿಡುತ್ತೇವೆ, ಅಲ್ವಾ? ಇದು ತುಂಬಾ ಅನ್ಯಾಯ. ಮುಂದಿನವರಿಗೆ ಹತ್ತು ನಿಮಿಷ ವಿಶ್ರಾಂತಿ ಸಿಕ್ಕಿತು, ನಿಜವಾಗಿ ಬೇಕಾಗಿದ್ದವರಿಗೆ ಒಂದು ನಿಮಿಷವೂ ಇಲ್ಲ. ಕೊನೆಯವರು ಬಂದು ನೀರು ಕುಡಿದು, ಉಸಿರು ತಿರುಗಿಸಿಕೊಂಡು, ತಾವೇ 'ಹೋಗೋಣ' ಅನ್ನಲಿ. ಆಮೇಲಷ್ಟೇ ಗುಂಪು ಹೊರಡಲಿ.

ಮೆಕ್ಕೆಜೋಳ, ಒಕ್ಕಣೆ, ಟ್ರ್ಯಾಕ್ಟರ್

ದಾವಣಗೆರೆ ಸೀಮೆ ಮೆಕ್ಕೆಜೋಳದ ಸೀಮೆ. ಅಕ್ಟೋಬರ್ ಬಂತೆಂದರೆ ಹಳ್ಳಿ ರಸ್ತೆಯ ಅರ್ಧ ಭಾಗ ಹಳದಿಯಾಗಿರುತ್ತದೆ. ಕಾಳು ಒಣಗೋಕೆ ಹಾಕಿ, ಗಾಡಿ ಹತ್ತದಿರಲಿ ಅಂತ ಅಂಚಿಗೆ ಸಾಲಾಗಿ ಕಲ್ಲು ಇಟ್ಟಿರುತ್ತಾರೆ. ಸೈಕಲ್ ಟೈರಿನ ಕೆಳಗೆ ಆ ಕಾಳು ಬೇರಿಂಗ್ ಗುಂಡಿನ ಹಾಗೆ ಉರುಳುತ್ತದೆ. ಅದರ ಮೇಲೆ ಬ್ರೇಕ್ ಹಿಡಿದರೆ, ಹ್ಯಾಂಡಲ್ ತಿರುಗಿಸಿದರೆ ಬಿದ್ದಂತೆಯೇ ಲೆಕ್ಕ. ಆಚೀಚೆ ಚೆಲ್ಲಿದ ಕಾಳಿನ ಮೇಲೆ ಹೋಗಲೇಬೇಕಾದರೆ ಮೊದಲೇ ವೇಗ ಇಳಿಸಿ, ತುಳಿಯೋದು ನಿಲ್ಲಿಸಿ, ನೆಟ್ಟಗೆ ದಾಟಿ. ರಾಶಿ ಇದ್ದರೆ ಇಳಿದು ತಳ್ಳಿಕೊಂಡು ಹೋಗಿ. 'ಯಜಮಾನ್ರೇ, ಈ ಕಡೆ ಹೋಗ್ಬಹುದಾ?' ಅಂತ ಕೇಳಿದರೆ ಅವರೇ ದಾರಿ ತೋರಿಸುತ್ತಾರೆ. ಅದು ಅವರ ವರ್ಷದ ದುಡಿಮೆ. ಅದರ ಮೇಲೆ ಚಕ್ರ ಹತ್ತಿಸಬಾರದು.

ಕಾಳು ತುಂಬಿಕೊಂಡು ಹೋದ ಮೇಲೂ ಕಲ್ಲುಗಳು ಎಷ್ಟೋ ಸಲ ರಸ್ತೆಯಲ್ಲೇ ಉಳಿದಿರುತ್ತವೆ. ಬೆಳಗಿನ ಮಬ್ಬಿನಲ್ಲಿ ಅವು ಕಾಣಲ್ಲ. ಆ ಕಾಲದಲ್ಲಿ ಸೈಕಲ್‌ಗೆ ಮುಂದೆ ಒಳ್ಳೆ ಲೈಟ್ ಬೇಕೇ ಬೇಕು. ಹುರುಳಿ, ರಾಗಿ ತೆನೆಯನ್ನು ರಸ್ತೆಗೆ ಹರಡಿ ಒಕ್ಕಣೆ ಮಾಡುವ ಕಡೆ ಸೈಕಲ್ ಎತ್ತಿಕೊಂಡು ದಾಟಿ. ಆ ಬಳ್ಳಿ, ಹುಲ್ಲು ಗೇರಿಗೆ ಸುತ್ತಿಕೊಂಡರೆ ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಮುರಿಯುತ್ತದೆ.

ಕಬ್ಬಿನ ಟ್ರ್ಯಾಕ್ಟರ್‌ಗಳಿಗೆ ಎರಡೆರಡು ಟ್ರೇಲರ್ ಇರುತ್ತವೆ. ಹಿಂದಿನದು ಆಚೀಚೆ ಓಲಾಡುತ್ತಿರುತ್ತದೆ. ಅದನ್ನು ಹಿಂದೆ ಹಾಕುವ ಆತುರ ಬೇಡ, ಎಡಕ್ಕೆ ನಿಂತು ಅದು ಹೋಗಲು ಬಿಡಿ. ನಾಯಿ ಅಟ್ಟಿಸಿಕೊಂಡು ಬಂದರೆ ಗುಂಪಿನಲ್ಲಿ ದಿಢೀರ್ ಅಂತ ಪಕ್ಕಕ್ಕೆ ತಿರುಗಿಸಬೇಡಿ. ನಿಧಾನ ಮಾಡಿ ಇಳಿದು, ಸೈಕಲನ್ನು ನಾಯಿಗೂ ನಿಮಗೂ ನಡುವೆ ಹಿಡಿದು ನಡೆಯಿರಿ. ಓಡುವ ಚಕ್ರ ನಿಂತ ಮೇಲೆ ಬಹಳಷ್ಟು ನಾಯಿಗಳ ಉತ್ಸಾಹವೂ ನಿಲ್ಲುತ್ತದೆ.

ಜಾಲಿ ಮುಳ್ಳಿನ ಪಂಕ್ಚರ್

ರಸ್ತೆ ಬದಿಯ ಬಳ್ಳಾರಿ ಜಾಲಿ ಕಡಿದು ಹಾಕಿದ ವಾರ ಪಂಕ್ಚರ್ ಗ್ಯಾರಂಟಿ. ಟ್ಯೂಬ್ ಬದಲಿಸೋದನ್ನು ಗುಂಪಿನಲ್ಲಿ ಎಲ್ಲರೂ ಕಲಿಯಬೇಕು. ಹೀಗೆ ಮಾಡಿ.

ಮೊದಲು ರಸ್ತೆಯಿಂದ ಪೂರ್ತಿ ಕೆಳಗಿಳಿಯಿರಿ. ಹಿಂದಿನ ಚಕ್ರವಾದರೆ ಚೈನನ್ನು ಎಲ್ಲಕ್ಕಿಂತ ಸಣ್ಣ ಗೇರಿಗೆ ಇಳಿಸಿ, ಚಕ್ರ ಬಿಚ್ಚಿ. ಉಳಿದ ಗಾಳಿ ತೆಗೆದು, ಟೈರಿನ ಅಂಚನ್ನು ಸುತ್ತಲೂ ಒತ್ತಿ ರಿಮ್ಮಿನ ನಡುವಿಗೆ ತಳ್ಳಿ. ಆಗ ಅದು ಸಡಿಲವಾಗುತ್ತದೆ. ಲಿವರ್ ಹಾಕಿ ಒಂದು ಪಕ್ಕವನ್ನಷ್ಟೇ ಹೊರಗೆ ತೆಗೆಯಿರಿ. ಟ್ಯೂಬ್ ಎಳೆಯುವಾಗ ಯಾವ ಪಕ್ಕ ಯಾವ ಕಡೆಗಿತ್ತು ಅನ್ನೋದನ್ನು ನೆನಪಿಡಿ. ಅದಕ್ಕೆ ಗಾಳಿ ಹಾಕಿ ಎಲ್ಲಿ ಸೋರುತ್ತಿದೆ ನೋಡಿ, ಟ್ಯೂಬನ್ನು ಟೈರಿನ ಪಕ್ಕ ಹಿಡಿದರೆ ಮುಳ್ಳು ಎಲ್ಲಿದೆ ಅಂತ ತಿಳಿಯುತ್ತದೆ.

ಇದೇ ಮುಖ್ಯ ಘಟ್ಟ. ಮುಳ್ಳು ತೆಗೆಯದೆ ಹೊಸ ಟ್ಯೂಬ್ ಹಾಕಿದರೆ ಒಂದು ಕಿಲೋಮೀಟರ್‌ಗೇ ಮತ್ತೆ ಪಂಕ್ಚರ್. ಜಾಲಿ ಮುಳ್ಳಿನ ಹೊರಭಾಗ ಮುರಿದು ತುದಿ ಮಾತ್ರ ರಬ್ಬರ್ ಒಳಗೆ ಉಳಿದಿರುತ್ತದೆ, ಕಣ್ಣಿಗೆ ಕಾಣಲ್ಲ. ಟೈರಿನ ಒಳಗೆ ಬಟ್ಟೆ ಹಿಡಿದು ನಿಧಾನವಾಗಿ ಒರೆಸಿದರೆ ಅದು ಸಿಕ್ಕಿಕೊಳ್ಳುತ್ತದೆ. ಚಿಮಟ ಬೇಕಾಗೋದು ಆಗ. ಒಂದು ಸಿಕ್ಕಿತು ಅಂತ ನಿಲ್ಲಿಸಬೇಡಿ, ಪೂರ್ತಿ ಸುತ್ತು ನೋಡಿ. ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ತೂತು ಇದ್ದರೆ ಅದು ಮುಳ್ಳಿನದ್ದಲ್ಲ. ಗಾಳಿ ಕಮ್ಮಿ ಇದ್ದು ಹಂಪ್ ಅಥವಾ ಗುಂಡಿಗೆ ಬಡಿದಾಗ ರಿಮ್ ಕಚ್ಚಿದ ಗುರುತು.

ಹೊಸ ಟ್ಯೂಬಿಗೆ ಆಕಾರ ಬರುವಷ್ಟು ಗಾಳಿ ಹಾಕಿ, ಮೊದಲು ವಾಲ್ವ್ ತೂರಿಸಿ, ಸುತ್ತಲೂ ಕೂರಿಸಿ. ಟೈರಿನ ಅಂಚನ್ನು ಹೆಬ್ಬೆರಳಿನಿಂದಲೇ ಒಳಗೆ ತಳ್ಳುತ್ತಾ ಬಂದು ವಾಲ್ವ್ ಹತ್ತಿರ ಮುಗಿಸಿ. ಕೊನೆಗೆ ಲಿವರ್ ಹಾಕಿದರೆ ಹೊಸ ಟ್ಯೂಬೇ ತೂತಾಗಬಹುದು. ಎಲ್ಲೂ ಟ್ಯೂಬ್ ಇಣುಕುತ್ತಿಲ್ಲ ಅಂತ ನೋಡಿ ಗಾಳಿ ತುಂಬಿಸಿ. ಚಕ್ರ ಹಾಕಿದ ಮೇಲೆ ಬ್ರೇಕ್ ಹಿಡಿದು ನೋಡದೆ ಹತ್ತಬೇಡಿ.

ಹಳ್ಳಿಯ ಪಂಕ್ಚರ್ ಅಂಗಡಿಯ ಕಂಪ್ರೆಸರ್, ಬೈಕಿನಂಥ ದಪ್ಪ ವಾಲ್ವ್ ಇರುವ ಸೈಕಲ್‌ಗೆ ನೇರ ಹಿಡಿಯುತ್ತದೆ. ತೆಳ್ಳಗಿನ ಪ್ರೆಸ್ಟಾ ವಾಲ್ವ್ ಇದ್ದರೆ ಒಂದು ಅಡಾಪ್ಟರ್ ಜೇಬಲ್ಲಿರಲಿ. 'ಸ್ವಲ್ಪ ಸ್ವಲ್ಪವೇ ಬಿಡಣ್ಣಾ' ಅಂತ ಹೇಳಿ, ಕಂಪ್ರೆಸರ್ ಗಾಳಿಗೆ ಸಣ್ಣ ಟ್ಯೂಬ್ ಕ್ಷಣದಲ್ಲಿ ಒಡೆಯುತ್ತದೆ.

ನೀರು, ತಿಂಡಿ, ಬಿಸಿಲು

ಬಾಯಾರುವ ತನಕ ಕಾಯಬೇಡಿ. ಕಾಲು ಗಂಟೆಗೊಮ್ಮೆ ಎರಡು ಗುಟುಕು. ಗಂಟೆಗೆ ಅರ್ಧ ಲೀಟರ್, ಬಿಸಿಲಿದ್ದರೆ ಇನ್ನೂ ಜಾಸ್ತಿ ಬೇಕು. ಓಆರ್‌ಎಸ್ ದೊಡ್ಡ ಪೊಟ್ಟಣವನ್ನು ಒಂದು ಲೀಟರ್ ನೀರಿಗೇ ಕಲಸಿ, ಗಟ್ಟಿ ಮಾಡಿ ಕುಡಿಯಬೇಡಿ.

ದಾರಿ ಮಧ್ಯೆ ಇಡ್ಲಿ, ಅವಲಕ್ಕಿ, ಬಾಳೆಹಣ್ಣು, ಮಜ್ಜಿಗೆ, ಎಳನೀರು ಚೆನ್ನಾಗಿ ಒಗ್ಗುತ್ತವೆ. ಮಂಡಕ್ಕಿ ಮಿರ್ಚಿಯ ಅಂಗಡಿ ಕಂಡರೆ ನಮ್ಮೂರಿನವರಿಗೆ ಕಾಲು ನಿಲ್ಲೋದು ಸಹಜ. ಆದರೆ ಎಣ್ಣೆಯಲ್ಲಿ ಕರಿದ ಮೆಣಸಿನಕಾಯಿ ತಿಂದು ಬಿಸಿಲಲ್ಲಿ ಇನ್ನೂ 15 ಕಿಲೋಮೀಟರ್ ತುಳಿಯೋದು ಹಿಂಸೆ. ಬೆಣ್ಣೆ ದೋಸೆಯೂ ಊರಿಗೆ ಬಂದ ಮೇಲೆ. ಆಗ ಎಷ್ಟು ಬೇಕಾದರೂ ತಿನ್ನಿ, ಹೊಟ್ಟೆಯಲ್ಲಿ ಜಾಗವೂ ಇರುತ್ತದೆ, ಕೂತು ಹರಟೋಕೆ ಸಮಯವೂ ಇರುತ್ತದೆ. ಆ ಹರಟೆಯಲ್ಲೇ ಹೊಸಬರು ಗುಂಪಿನವರಾಗೋದು.

ಮಾರ್ಚ್‌ನಿಂದ ಮೇವರೆಗೆ ಹತ್ತು ಗಂಟೆಗೆ ಮನೆ ಸೇರುವಂತೆ ಹೊರಡಿ. ಯಾರಿಗಾದರೂ ತಲೆ ಸುತ್ತು, ವಾಕರಿಕೆ, ಮಾತು ತಡವರಿಸೋದು ಕಂಡರೆ ರೈಡ್ ಅಲ್ಲಿಗೇ ನಿಲ್ಲಿಸಿ. ನೆರಳಿಗೆ ಕರೆದುಕೊಂಡು ಹೋಗಿ, ಮೈಮೇಲೆ ನೀರು ಹಾಕಿ ಗಾಳಿ ಬೀಸಿ, ಮಾತು ಸರಿಯಿಲ್ಲದಿದ್ದರೆ ತಡ ಮಾಡದೆ 108ಕ್ಕೆ ಫೋನ್ ಮಾಡಿ. 'ಇನ್ನೇನು ಬಂದೇಬಿಡ್ತು, ಸ್ವಲ್ಪ ತುಳೀರಿ' ಅಂತ ಒತ್ತಾಯ ಮಾಡಬೇಡಿ. ಸುಸ್ತಾದವರನ್ನು ಸೈಕಲ್ ಸಮೇತ ಊರಿಗೆ ತರೋಕೆ ಒಂದು ಟಾಟಾ ಏಸ್‌ನವರ ನಂಬರ್ ಮೊದಲೇ ಇಟ್ಟುಕೊಂಡಿದ್ದರೆ ಎಲ್ಲರಿಗೂ ನೆಮ್ಮದಿ. ಅದರ ಬಾಡಿಗೆಯನ್ನು ಗುಂಪು ಹಂಚಿಕೊಳ್ಳಲಿ, ಅವರೊಬ್ಬರ ತಲೆಗೆ ಕಟ್ಟಬೇಡಿ.

ವಾಪಸ್ ಬಂದ ಮೇಲೆ

ಊರು ಹತ್ತಿರವಾದಂತೆ ಗುಂಪು ಚದುರುತ್ತದೆ. ಒಬ್ಬರು ವಿದ್ಯಾನಗರಕ್ಕೆ, ಒಬ್ಬರು ನಿಟುವಳ್ಳಿಗೆ ಅಂತ ಅಲ್ಲಲ್ಲೇ ತಿರುಗಿಕೊಳ್ಳುತ್ತಾರೆ. ಹಾಗೆ ಹೋಗುವವರು ಸ್ವೀಪ್‌ಗೆ ಹೇಳದೆ ಹೋಗಬಾರದು. ಇಲ್ಲದಿದ್ದರೆ ಅವರನ್ನು ಹುಡುಕಿಕೊಂಡು ಸ್ವೀಪ್ ಮತ್ತೆ ಹಿಂದಕ್ಕೆ ಹೋಗಬೇಕಾಗುತ್ತದೆ. ಮನೆ ಮುಟ್ಟಿದವರು ಗ್ರೂಪಿಗೆ ಒಂದು ಮೆಸೇಜ್ ಹಾಕಲಿ, ಸ್ವೀಪ್ ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳಲಿ.

ಹೊಸಬರಿಗೆ ಅವತ್ತು ಸಂಜೆಯೇ ಫೋನ್ ಮಾಡಿ. ಮೊಣಕಾಲು ನೋವಿದ್ದರೆ ಸೀಟು ಎತ್ತರಿಸೋಕೆ ಹೇಳಿ. ಕೈ ಜೋಮು ಹಿಡಿದಿದ್ದರೆ ಹ್ಯಾಂಡಲ್ ಮೇಲೆ ಭಾರ ಜಾಸ್ತಿ ಬಿದ್ದಿದೆ, ಅದನ್ನು ಒಟ್ಟಿಗೆ ನೋಡೋಣ ಅನ್ನಿ. ವೇಗ ಜಾಸ್ತಿ ಆಯಿತಾ ಅಂತ ನೀವೇ ಕೇಳಿ, ಸಂಕೋಚಕ್ಕೆ ಅವರಾಗಿ ಹೇಳಲ್ಲ. ಆಯಿತು ಅಂದರೆ ಮುಂದಿನ ವಾರದ ಮೆಸೇಜ್‌ನಲ್ಲಿ 15 ಇದ್ದದ್ದನ್ನು 13 ಮಾಡಿ. ಜೊತೆಗೆ ಒಂದು ಕೆಲಸ ನೆನಪಿಸಿ: ಟೈರನ್ನು ಒಂದು ಸುತ್ತು ತಿರುಗಿಸಿ, ಅಂಟಿರುವ ಮುಳ್ಳುಗಳನ್ನು ಅವತ್ತೇ ಕಿತ್ತು ಹಾಕಬೇಕು. ಹೊರಪದರದಲ್ಲೇ ಇರುವ ಮುಳ್ಳು ಟ್ಯೂಬಿಗೆ ಇಳಿಯೋದು ಮುಂದಿನ ಸವಾರಿಯಲ್ಲಿ.